ಕಾಲುವೆಯಲ್ಲಿ ತೇಲಿದ ಗಾದಿ

ನನ್ನ ಬೆನ್ನು ಕೈಕೊಟ್ಟದ್ದು ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಎರಡನೇ ವಾರ. ಗಂಗಾವತಿಯಿಂದ ತಾವರಗೇರಾ ದಾಟಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ವಿಜ್ಞಾನದ ಶಿಕ್ಷಕಿ ನಾನು. ಹನ್ನೊಂದು ವರ್ಷ ಆ ರಸ್ತೆ ನನ್ನ ಬೆನ್ನನ್ನು ಕುಟ್ಟಿತ್ತು, ಬೆನ್ನು ಸುಮ್ಮನೆ ಕುಟ್ಟಿಸಿಕೊಂಡಿತ್ತು. ಕೊನೆಗೆ ಒಂದು ದಿನ ಹತ್ತನೇ ತರಗತಿಯಲ್ಲಿ ಕೈಜಾರಿದ ಸೀಮೆಸುಣ್ಣವನ್ನು ಎತ್ತಿಕೊಳ್ಳಲು ಬಗ್ಗಿದೆ. ಬಗ್ಗಿದವಳು ಮೇಲೇಳಲಿಲ್ಲ. ಮೇಡಂ ಏನೋ ಪ್ರಯೋಗ ತೋರಿಸುತ್ತಿದ್ದಾರೆ ಎಂದುಕೊಂಡು ನಲವತ್ತು ಮಕ್ಕಳು ಐದು ನಿಮಿಷ ಶಿಸ್ತಿನಿಂದ ನೋಡುತ್ತ ಕುಳಿತಿದ್ದರು. ಹನ್ನೊಂದು ವರ್ಷದಲ್ಲಿ ಆ ತರಗತಿ ಅಷ್ಟು ಶಾಂತವಾಗಿದ್ದುದು ಅದೊಂದೇ ಸಲ.

ಕೊಪ್ಪಳದ ಎಲುಬಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಬೆನ್ನಿನ ಎರಡು ಮಣಿಗಳ ನಡುವಿನ ಮೆತ್ತೆ ಸರಿದಿದೆ ಎಂದರು. ಮಲಗುವುದು ಯಾವುದರ ಮೇಲೆ ಎಂದು ಕೇಳಿದರು. ಮದುವೆಯಲ್ಲಿ ತವರಿನವರು ಕೊಟ್ಟ ಹತ್ತಿ ಗಾದಿ ಎಂದೆ. ಮದುವೆಯಾಗಿ ಎಷ್ಟು ವರ್ಷ ಎಂದು ಕೇಳಿದರು. ಇಪ್ಪತ್ತೆರಡು ಎಂದೆ. ಅವರು ಗಂಡನ ಕಡೆ ನೋಡಿದರು. ಗಂಡ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡಿದ. ಆ ಗಾದಿಯಲ್ಲಿ ನನ್ನ ಗಂಡ ಮಲಗುವ ಜಾಗದಲ್ಲಿ ಒಂದು ತಗ್ಗು ಬಿದ್ದು ಯಾವ ಕಾಲವಾಗಿತ್ತೋ. ಎಲ್ಲಿ ಮಲಗಿದರೂ ಬೆಳಗಾಗುವುದರೊಳಗೆ ನಾನು ಉರುಳಿ ಆ ತಗ್ಗಿಗೇ ಬಂದಿರುತ್ತಿದ್ದೆ. ಮೊದಮೊದಲು ಇದನ್ನು ನಾವಿಬ್ಬರೂ ಪ್ರೀತಿ ಎಂದುಕೊಂಡಿದ್ದೆವು.

ಮೂರು ವಾರ ಮಲಗಿದೆ. ಆಮೇಲೆ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಶಾಲೆಗೆ ಹೋಗತೊಡಗಿದೆ. ಆದರೆ ಕುರ್ಚಿಯಲ್ಲಿ ಕುಳಿತು ಕೆಳಗಿನ ತರಗತಿಗಳಿಗೆ ಅಷ್ಟಿಷ್ಟು ಹೇಳಿ ಬರುವುದೇ ಆಗಿತ್ತು. ಹತ್ತನೇ ತರಗತಿಯನ್ನು ಗಣಿತದ ಮೇಷ್ಟ್ರು ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಿದ್ದರು. ಹೆಡ್‌ಮಾಸ್ತರರು ಒಳ್ಳೆಯವರೇ. ಆದರೂ ಅವರೊಂದು ಗೆರೆ ಎಳೆದಿದ್ದರು. ದಸರೆಯ ರಜೆ ಮುಗಿಯುವುದರೊಳಗೆ ನಾನು ನಿಂತು ಪಾಠ ಮಾಡುವಂತಾದರೆ ಹತ್ತನೇ ತರಗತಿ ನನ್ನದು, ಇಲ್ಲದಿದ್ದರೆ ಕಾಯಂ ಆಗಿ ಗಣಿತದ ಮೇಷ್ಟ್ರದು. ಆ ಮೇಷ್ಟ್ರು ಬೆಳಕಿನ ವಕ್ರೀಭವನವನ್ನು ಬೀಜಗಣಿತದಂತೆ ಕಲಿಸುವವರು. ಕನ್ನಡಕ ಯಾಕೆ ಹಾಕಿಕೊಳ್ಳುತ್ತೇವೆ ಎಂದು ಅವರ ಮಕ್ಕಳಿಗೆ ಕೇಳಿದರೆ ಸೂತ್ರ ಹೇಳುತ್ತಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಹತ್ತನೇ ತರಗತಿ ಇಲ್ಲದ ನಾನು ನನಗೇ ಯಾರೋ ಬೇರೆಯವಳಂತೆ ಕಾಣುತ್ತಿದ್ದೆ.

ಮನೆಯಲ್ಲಿ ಆ ದಿನಗಳಲ್ಲಿ ನನ್ನನ್ನು ನಡೆಸಿದವರು ನನ್ನ ಅತ್ತೆ. ಎಪ್ಪತ್ತೊಂದು ವರ್ಷ, ಕಡ್ಡಿಯಂಥ ದೇಹ, ಕಡ್ಡಿ ಮುರಿದಂಥ ಮಾತು. ನಸುಕಿನಲ್ಲಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸುವವರು ಅವರು, ರೊಟ್ಟಿ ಬಡಿದು ಡಬ್ಬಿ ಕಟ್ಟುವವರೂ ಅವರೇ. ನಾನು ಶಾಲೆಗೆ ಹೊರಡುವಾಗ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನನ್ನ ಚಪ್ಪಲಿಯ ಪಟ್ಟಿ ಹಾಕುತ್ತಿದ್ದರು. ಹಾಕಿ ಏಳುವಾಗ ಪ್ರತಿದಿನವೂ 'ಹ್ಞಂ' ಎಂದು ಒಂದು ಉದ್ದನೆಯ ಉಸಿರು ಬಿಡುತ್ತಿದ್ದರು. ಆ ಉಸಿರು ನನ್ನ ಮೇಲಿನ ಟೀಕೆ ಎಂದು ನನಗೆ ಅನುಮಾನವೇ ಇರಲಿಲ್ಲ. ಸೊಸೆಯ ಕಾಲಿಗೆ ಚಪ್ಪಲಿ ಹಾಕುವ ಕಾಲ ಬಂತಲ್ಲ ಎಂಬ ಅರ್ಥದ ಉಸಿರು ಅದು ಎಂದುಕೊಂಡು ದಿನಾ ಬಸ್ಸಿನಲ್ಲಿ ಕುಳಿತು ಅದಕ್ಕೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು.

ಗಾದಿ ಬದಲಿಸುವುದೇನೋ ನಿಶ್ಚಯವಾಯಿತು. ಆದರೆ ನಾನು ತಿಳಿಯದೆ ಏನನ್ನೂ ಕೊಳ್ಳುವವಳಲ್ಲ. ಹಿಂದೊಮ್ಮೆ ಕುಕ್ಕರು ಕೊಳ್ಳಲು ಹೋಗಿ ಅಂಗಡಿಯವನಿಗೇ ಒತ್ತಡದ ಪಾಠ ಮಾಡಿ ಬಂದಿದ್ದೆ. ಕೊಪ್ಪಳದ ಗಾದಿ ಅಂಗಡಿಯವನು ಫೋಮು ತೋರಿಸಿದ, ಸ್ಪ್ರಿಂಗು ತೋರಿಸಿದ, ಕೊನೆಗೆ ಒಂದು ದಪ್ಪನೆಯ ಬೆಳ್ಳನೆಯದನ್ನು ಕೈಯಿಂದ ತಟ್ಟಿ ಇದು ನೈಸರ್ಗಿಕ ಲೇಟೆಕ್ಸು, ಗಿಡದ್ದು ಎಂದ. ಯಾವ ಗಿಡ ಎಂದು ಕೇಳಿದೆ. ಅವನು ಫ್ಯಾನು ನೋಡಿ, 'ಗಿಡದ್ದ ರೀ ಮೇಡಂ' ಎಂದ. ಇದರಲ್ಲಿ ಗಿಡದ ಹಾಲೆಷ್ಟು, ಪೆಟ್ರೋಲಿಯಂನಿಂದ ಮಾಡಿದ ಕೃತಕ ಹಾಲೆಷ್ಟು, ಎರಡನ್ನೂ ಬೆರೆಸಿ ನೈಸರ್ಗಿಕ ಎಂದು ಹೆಸರಿಟ್ಟು ಮಾರುವವರೂ ಇದ್ದಾರಲ್ಲ ಎಂದು ಕೇಳಿದೆ. ಆ ಮನುಷ್ಯನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಅಲ್ಲಿಂದ ಹೋದರೆ ಸಾಕೆಂದು ಅಂಗೈಯಷ್ಟು ದೊಡ್ಡ ಎರಡು ನಮೂನೆ ತುಣುಕು ಕೊಟ್ಟು, ಕಾಗದಪತ್ರ ತರಿಸಿ ಇಡುತ್ತೇನೆ ಎಂದು ಕೈಮುಗಿದ.

ತುಣುಕುಗಳನ್ನು ಮನೆಗೆ ತಂದು ಪರೀಕ್ಷೆಗೆ ಕೂರಿಸಿದೆ. ಒಂದನ್ನು ಹಳೆಯ ಸೋಫಾದ ಫೋಮಿನ ತುಂಡಿನ ಜೊತೆ ಬೀಸುಕಲ್ಲಿನ ಕೆಳಗೆ ಮೂರು ದಿನ ಇಟ್ಟೆ. ಕಲ್ಲು ಎತ್ತಿದಾಗ ಫೋಮು ಹಪ್ಪಳವಾಗಿ ಅಲ್ಲೇ ಬಿದ್ದಿತ್ತು. ಲೇಟೆಕ್ಸು ಮಾತ್ರ ಏನೂ ಆಗಿಲ್ಲವೆಂಬಂತೆ ಮೊದಲಿನ ಎತ್ತರಕ್ಕೆ ಎದ್ದು ನಿಂತಿತು. ನನ್ನ ಬೆನ್ನು ಮಾಡಲಾಗದ್ದನ್ನು ಅದು ಮಾಡಿತೆಂದು ನನಗೆ ಅದರ ಮೇಲೆ ಗೌರವ ಬಂತು. ಇನ್ನೊಂದು ತುಣುಕನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಮೂರು ವಾರಕ್ಕೆ ಅದು ಹಳದಿಯಾಗಿ, ಚಿವುಟಿದರೆ ಪುಡಿಯಾಗಿ ಉದುರಿತು. ಹಳೆಯ ರಬ್ಬರ್ ಬ್ಯಾಂಡು ಕಿಟಕಿಯಲ್ಲಿ ಬಿದ್ದು ಹಾಳಾಗುತ್ತದಲ್ಲ, ಹಾಗೆ. ಮೂಸಿ ನೋಡಿದೆ, ಹಿಗ್ಗಿಸಿ ನೋಡಿದೆ, ಬ್ಲೇಡಿನಿಂದ ಕೊಯ್ದು ಒಳಗೆ ನೋಡಿದೆ. ನೀರಿನ ಪ್ರಯೋಗವೊಂದು ಉಳಿದುಹೋಯಿತು. ಅದನ್ನು ಮುಂದೆ ಅತ್ತೆ ಮಾಡಿದರು.

ಗಾದಿ ಮನೆಗೆ ಬಂದದ್ದು ಶ್ರಾವಣದಲ್ಲಿ. ಅತ್ತೆ ಹೊಸ್ತಿಲಲ್ಲೇ ನಿಂತು ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ತಗ್ಗಾಗಿ, ಬಿಟ್ಟರೆ ತಕ್ಷಣ ತುಂಬಿಕೊಂಡಿತು. ಅವರಿಗೆ ಅದು ಹಿಡಿಸಲಿಲ್ಲ. ಇದರೊಳಗೆ ಏನು ತುಂಬಿದ್ದಾರೆ ಎಂದು ಕೇಳಿದರು. ನನಗೆ ಅಷ್ಟೇ ಬೇಕಾಗಿತ್ತು. ಎರಡು ತಿಂಗಳಿಂದ ಹತ್ತನೇ ತರಗತಿ ಇಲ್ಲದೆ ಒಣಗಿದ್ದೆ. ಮಂಚದ ಮೇಲೆ ಅಂಗಾತ ಮಲಗಿಕೊಂಡೇ ಪಾಠ ಶುರು ಮಾಡಿದೆ.

ಎಕ್ಕದ ಗಿಡ ಮುರಿದರೆ ಹಾಲು ಬರುತ್ತದಲ್ಲ, ಹಾಗೆಯೇ ಕೇರಳದ ಕಡೆ ರಬ್ಬರಿನ ಮರ ಇರುತ್ತದೆ, ಅದರ ತೊಗಟೆಗೆ ಓರೆಯಾಗಿ ಗೀರು ಹಾಕಿ ಚಿಪ್ಪು ಕಟ್ಟಿದರೆ ಹಾಲು ತೊಟ್ಟಿಕ್ಕುತ್ತದೆ ಎಂದೆ. ಆ ಹಾಲನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತಾರೆ. ನೊರೆ ಇಳಿದುಹೋಗದ ಹಾಗೆ, ಬಿಗಿ ಬರಲೆಂದು, ಒಂದಿಷ್ಟು ಗಂಧಕ ಸೇರಿಸುತ್ತಾರೆ. ಮೊಳೆಗಳಿರುವ ದೊಡ್ಡ ಅಚ್ಚಿಗೆ ಸುರಿದು ಗಿಣ್ಣ ಬೇಯಿಸಿದ ಹಾಗೆ ಹಬೆಯಲ್ಲಿ ಬೇಯಿಸುತ್ತಾರೆ. ಆ ಮೊಳೆಗಳ ಜಾಗದಲ್ಲೇ ಈ ತೂತುಗಳು ಉಳಿಯುವುದು, ಗಾಳಿಯಾಡುವುದು ಅವುಗಳಿಂದಲೇ. ಬೆಂದದ್ದನ್ನು ಅಚ್ಚಿನಿಂದ ತೆಗೆದು ನಾಲ್ಕೈದು ಸಲ ನೀರಿನಲ್ಲಿ ತೊಳೆಯುತ್ತಾರೆ, ಒತ್ತಿ ನೀರು ತೆಗೆದು, ಒಣಗಿಸಿ, ಹೊದಿಕೆ ಹಾಕುತ್ತಾರೆ. ಇಷ್ಟನ್ನೂ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿದರು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಎಂದು ಒಂದು ಸಲ ಎಚ್ಚರಿಸಿದರು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು: 'ತೊಳಿತಾರ ಅಂದೆಲ್ಲ, ನಿಂತ ನೀರಾಗೋ, ಹರಿಯೂ ನೀರಾಗೋ?'

ಎಷ್ಟು ಒಳ್ಳೆಯ ಪ್ರಶ್ನೆ ಎಂದು ನಾನು ಬೀಗಿದೆ. ನನ್ನ ಹತ್ತನೇ ತರಗತಿಯಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಶಿಕ್ಷಕಿ ಗೊತ್ತಿಲ್ಲ ಎನ್ನಬಾರದಲ್ಲ. ಹರಿಯುವ ನೀರಿನಲ್ಲೇ ಇರಬೇಕು, ಕೊಳೆ ಹೋಗಬೇಕಲ್ಲ ಎಂದೆ. ಅತ್ತೆ ತಲೆಯಾಡಿಸಿ ಸೊಪ್ಪಿನ ತಟ್ಟೆ ಎತ್ತಿಕೊಂಡು ಎದ್ದರು.

ಅವರಿಗೆ ಒಪ್ಪಿಗೆಯಾಗದೆ ಹೋದದ್ದು ಬಿಸಿಲಿನ ವಿಷಯ. ಈ ಗಾದಿಯನ್ನು ಯಾವ ಕಾರಣಕ್ಕೂ ಬಿಸಿಲಿಗೆ ಹಾಕಬಾರದು ಎಂದು ಮೂರು ಸಲ ಹೇಳಿದ್ದೆ. ಪುಡಿಯಾದ ತುಣುಕನ್ನು ಕೈಗೆ ಕೊಟ್ಟು ತೋರಿಸಿದ್ದೆ. ಅವರ ಕಾಲದಿಂದಲೂ ಗಾದಿಯೆಂದರೆ ತಿಂಗಳಿಗೊಮ್ಮೆ ಮಾಳಿಗೆ ಹತ್ತಿ, ಕೋಲಿನಿಂದ ಪೆಟ್ಟು ತಿಂದು, ಬಿಸಿಲು ಕುಡಿದು ಇಳಿಯಬೇಕಾದ ವಸ್ತು. ಅವರು ಗಾದಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೇಳಿದರು: 'ಮನ್ಯಾಗ ಎಲ್ಲಾರೂ ಬಿಸಲಾಗ ದುಡದು ಬರ್ತೀವಿ. ಇದೊಂದ ನೆಳ್ಳಾಗ ಮಲಗೂದು ನೋಡು.'

ಅವರು ಅದರ ಮೇಲೆ ಒಂದು ದಿನವೂ ಕೂರಲಿಲ್ಲ. ತಾವೇ ಹೊಲಿದ ಕೌದಿಯನ್ನು ನೆಲಕ್ಕೆ ಹಾಸಿಕೊಂಡು ಎಂದಿನಂತೆ ಮಲಗಿದರು. ನಾನು ಮಾತ್ರ ಮೊದಲ ದಿನವೇ ಆ ಗಾದಿಗೆ ಸೋತೆ. ಮೊದಲೊಂದು ವಾರ ಹೊಸ ರಬ್ಬರ್ ಪುಗ್ಗೆಯ ವಾಸನೆ ಬಂತು, ಆಮೇಲೆ ಹೋಯಿತು. ಗಂಡ ಆ ಕಡೆ ಮಗ್ಗಲು ಬದಲಿಸಿದರೂ ಈ ಕಡೆ ನನಗೆ ಸುದ್ದಿ ತಲುಪುತ್ತಿರಲಿಲ್ಲ. ಭುಜ ಸೊಂಟ ಎಷ್ಟು ಬೇಕೋ ಅಷ್ಟೇ ಇಳಿಯುತ್ತಿದ್ದವು, ನಡುಬೆನ್ನಿಗೆ ಕೆಳಗಿನಿಂದ ಆಧಾರ ಇರುತ್ತಿತ್ತು. ಎರಡು ತಿಂಗಳಲ್ಲಿ ನೋವು ಎಷ್ಟೋ ಇಳಿದಿತ್ತು. ಇಳಿದದ್ದು ನನಗೂ ಗೊತ್ತಿತ್ತು. ಆದರೆ ಪರೀಕ್ಷಿಸಿ ನೋಡುವ ಧೈರ್ಯ ಇರಲಿಲ್ಲ. ಪ್ರಯೋಗ ಮಾಡಿ ನೋಡಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನನ್ನ ಬೆನ್ನಿನ ಮೇಲೆ ಮಾತ್ರ ಪ್ರಯೋಗ ಮಾಡಲಿಲ್ಲ. ಬಗ್ಗಲು ಹೆದರಿ ಚಪ್ಪಲಿಯ ಪಟ್ಟಿಯನ್ನು ಅತ್ತೆಯಿಂದಲೇ ಹಾಕಿಸಿಕೊಳ್ಳುತ್ತಿದ್ದೆ. ಅವರು 'ಹ್ಞಂ' ಎನ್ನುತ್ತಿದ್ದರು. ನಾನು ಬಸ್ಸಿನಲ್ಲಿ ಉತ್ತರ ಕೊಡುತ್ತಿದ್ದೆ.

ಹೀಗಿರುವಾಗ ದಸರೆಗೆ ಮುಂಚಿನ ಮಾನಮಿ ಅಮಾಸೆ ಹತ್ತಿರ ಬಂತು. ನಮ್ಮ ಕಡೆ ಘಟ ಕೂರಿಸುವ ಮೊದಲು ಮನೆಯಲ್ಲಿರುವ ಹಾಸಿಗೆ ಹೊದಿಕೆಯೆಲ್ಲ ನೀರು ಕಾಣಲೇಬೇಕು. ಓಣಿಯ ಹೆಂಗಸರು ಒಟ್ಟಾಗಿ ಒಂದು ಟಂಟಂ ಆಟೊ ಮಾಡಿಕೊಂಡು ಕೌದಿ, ಚಾದರ, ಜಮಖಾನೆಗಳ ಗುಡ್ಡವನ್ನೇ ಹೇರಿಕೊಂಡು ಕಾಲುವೆಗೆ ಹೋಗುತ್ತಾರೆ. ನಮ್ಮ ಓಣಿಯಲ್ಲಿ ಈ ದಂಡಿನ ಮುಂದಾಳು ನನ್ನ ಅತ್ತೆ. ಆ ಸಲ ನನ್ನ ಗಂಡ, ಮನೆಯಲ್ಲಿ ವಾಷಿಂಗ್ ಮಷೀನು ಇದೆಯಲ್ಲ ಎಂದು ಒಂದು ಮಾತು ಹೇಳಿ ನೋಡಿದ. ಮಷೀನಿನ ನೀರು ಹರಿದು ಎಲ್ಲಿಗೆ ಹೋಗುತ್ತದೆ, ನಮ್ಮ ಮೋರಿಗೇ ಅಲ್ಲವೇ ಎಂದು ಅತ್ತೆ ಕೇಳಿದರು.

ಅಂದು ಶನಿವಾರ, ರಜೆಗೆ ಮೊದಲಿನ ಕೊನೆಯ ದಿನ, ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದು ಕೋಣೆಗೆ ಕಾಲಿಟ್ಟೆ. ಮಂಚ ಬರಿದಾಗಿತ್ತು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಗಂಡನನ್ನು ಗಾದಿ ಎಲ್ಲಿ ಎಂದು ಕೇಳಿದೆ. ಅವ್ವ ಟಂಟಂಗೆ ಹಾಕು ಎಂದಳು, ಹಾಕಿದೆ ಎಂದ. ಅದು ಬಹಳ ಭಾರವಿತ್ತು ಎಂದೂ ಸೇರಿಸಿದ. ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ, ನಲವತ್ತೊಂಬತ್ತು ವರ್ಷದಿಂದ ಅವ್ವನಿಗೆ ಯಾಕೆ ಎಂದು ಕೇಳಿದವನಲ್ಲ, ಇವತ್ತು ಯಾಕೆ ಶುರು ಮಾಡಲಿ ಎಂದ.

ಜೂನ್ ತಿಂಗಳಿಂದ ನಾನು ಮೋಟಾರ್ ಸೈಕಲ್ ಹತ್ತಿರಲಿಲ್ಲ. ಅಂದು ಗಂಡನ ಹಿಂದೆ ಹತ್ತಿದ್ದೂ ನೆನಪಿಲ್ಲ. ಕಾಲುವೆಯ ಮೆಟ್ಟಿಲುಗಳ ಹತ್ತಿರ ಹೋದಾಗ ಹೆಂಗಸರೆಲ್ಲ ಏನೂ ತೋಚದೆ ನಿಂತಿದ್ದರು, ನಡುವೆ ಮೊಣಕಾಲುದ್ದ ಒದ್ದೆಯಾದ ಅತ್ತೆ. ನಡೆದದ್ದನ್ನು ನಾಲ್ಕು ಜನ ನಾಲ್ಕು ಕಡೆಯಿಂದ ಹೇಳಿದರು. ಕೌದಿಯನ್ನು ಮೆಟ್ಟಿಲ ಮೇಲೆ ಹಾಸಿ ಕಾಲಿನಿಂದ ತುಳಿದು ತೊಳೆಯುವುದು ರೂಢಿ. ಅತ್ತೆ ಗಾದಿಯನ್ನೂ ಹಾಗೇ ಹಾಸಿ ಮೇಲೆ ಹತ್ತಿದ್ದಾರೆ. ತುಳಿದರೆ ಅದು ತುಳಿಸಿಕೊಳ್ಳಲಿಲ್ಲ, ತಿರುಗಿ ಎತ್ತಿ ಹಾಕಿತು. ಎಪ್ಪತ್ತೊಂದು ವರ್ಷದ ಅತ್ತೆ ಕಾಲುವೆಯ ದಂಡೆಯಲ್ಲಿ ಗೇಣುದ್ದ ಗೇಣುದ್ದ ಪುಟಿಯತೊಡಗಿದರು. ಇದನ್ನು ನೋಡಿ ಉಳಿದವರಿಗೂ ಆಸೆಯಾಯಿತು. ಓಣಿಯ ಹೆಂಗಸರೆಲ್ಲ ಸರದಿಯಂತೆ ಹತ್ತಿ ನನ್ನ ಗಾದಿಯನ್ನು ತುಳಿದಿದ್ದಾರೆ, ಇಬ್ಬರು ಎರಡು ಸಲ. ಆಮೇಲೆ ಕೊಳೆ ಹೋಗಲೆಂದು ನೀರಿಗೆ ಇಳಿಸಿದ್ದಾರೆ. ಮುಳುಗುತ್ತದೆ ಎಂದುಕೊಂಡಿದ್ದರು. ತೂತು ತೂತಿನಲ್ಲೂ ಗಾಳಿ ಇರುವ ವಸ್ತು, ಮುಳುಗುವುದೆಲ್ಲಿಂದ ಬಂತು? ತೇಲಿತು, ತಿರುಗಿತು, ಹರಿವಿಗೆ ಮುಖ ಮಾಡಿ ಹೊರಟೇಬಿಟ್ಟಿತು.

ಕಾಲುವೆ ಸಿದ್ದಾಪುರದ ಕಡೆ ಹೊರಳುವಲ್ಲಿ ನನ್ನ ಗಾದಿ ಬೆಳ್ಳಗೆ ಕಾಣುತ್ತಿತ್ತು. ಅದರ ನಟ್ಟನಡುವೆ ಒಂದು ಬೆಳ್ಳಕ್ಕಿ ಒಂಟಿ ಕಾಲಿನ ಮೇಲೆ ನಿಂತು ಆರಾಮಾಗಿ ಹೋಗುತ್ತಿತ್ತು. ಎರಡು ತಿಂಗಳ ನಿದ್ದೆ, ಹತ್ತನೇ ತರಗತಿ, ಹೆಡ್‌ಮಾಸ್ತರರ ಗೆರೆ, ಎಲ್ಲ ಆ ಹಕ್ಕಿಯ ಕಾಲಡಿ ಹೋಗುತ್ತಿದ್ದವು. ನಾನು ಸೆರಗು ಸಿಕ್ಕಿಸಿ ಏರಿಯ ಮೇಲೆ ಓಡಿದೆ. ಹಿಂದೆ ಗಂಡ ಗಾಡಿ ತಿರುಗಿಸಿಕೊಂಡು ಬರುತ್ತಿದ್ದವನು ಅಡ್ಡ ನಿಂತ ಒಂದು ಟ್ರ್ಯಾಕ್ಟರಿನ ಹತ್ತಿರ ನಿಂತುಬಿಟ್ಟ. ಎರಡೂ ಕಡೆ ಭತ್ತದ ಗದ್ದೆ, ನಡುವೆ ನಾನು, ಪಕ್ಕದಲ್ಲಿ ಗಾದಿ. ನಾನು ಹತ್ತಿರ ಬಂದೆನೆನ್ನುವಾಗ ಅದು ಮುಂದೆ ಹೋಗುತ್ತಿತ್ತು.

ಕೊನೆಗೆ ಒಂದು ಸೇತುವೆಯ ಕೆಳಗೆ ಅದು ತಡೆದು ನಿಂತಿತು. ಅಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಒಬ್ಬ ಹಿರಿಯ ರೈತ ಉದ್ದನೆಯ ಬಿದಿರಿನ ಗಳ ಹಿಡಿದು ನಿಂತಿದ್ದ. ಗಳದಿಂದ ಗಾದಿಯನ್ನು ಮುಂದೆ ತಳ್ಳುತ್ತಿದ್ದ, ತಳ್ಳಿ ತಳ್ಳಿ ಕೈಮುಗಿಯುತ್ತಿದ್ದ. ನಾನು ಏದುಸಿರು ಬಿಡುತ್ತ ನಿಲ್ಲಿಸಿ, ನಿಲ್ಲಿಸಿ ಎಂದೆ. ಅವನು ಗಳ ತಗ್ಗಿಸಿ, ಮುಖ ಸಣ್ಣದು ಮಾಡಿಕೊಂಡು, ತೆಲುಗು ಬೆರೆತ ಮೆಲುದನಿಯಲ್ಲಿ ಕೇಳಿದ: 'ಯಾರು ಹೋದ್ರಮ್ಮಾ? ದೊಡ್ಡವರಾ?'

ಸತ್ತವರ ಹಾಸಿಗೆಯನ್ನು ನೀರಿಗೆ ಬಿಡುವುದುಂಟು. ತನ್ನ ತೂಬಿಗೆ ಅದು ಬಂದು ಸಿಕ್ಕಿಕೊಳ್ಳಬಾರದೆಂದು ಆ ಮನುಷ್ಯ ಮರ್ಯಾದೆಯಿಂದ ಸಾಗಹಾಕುತ್ತಿದ್ದ. ಯಾರೂ ಹೋಗಿಲ್ಲ, ಇದು ನನ್ನದೇ ಎಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಾಲುಗಳನ್ನು ನೋಡಿದ. ನೆಲಕ್ಕೆ ತಾಗಿವೆಯೆಂದು ಖಾತ್ರಿಯಾದ ಮೇಲೆ ಗದ್ದೆಯಲ್ಲಿದ್ದವರನ್ನು ಕೂಗಿ ಕರೆದ.

ಅಷ್ಟರಲ್ಲಿ ಗಾದಿ ನೀರು ಕುಡಿದು ಗರ್ಭಿಣಿ ಎಮ್ಮೆಯಂತಾಗಿತ್ತು. ಐದು ಜನ ಹಗ್ಗ ಹಾಕಿ ಎಳೆದರು. ಇಬ್ಬರು ಎರಡು ತುದಿ ಹಿಡಿದು ಕೌದಿಯಂತೆ ಹಿಂಡಲು ಹೊರಟರು. ಹಿಂಡಿದರೆ ಹರಿಯುತ್ತದೆ ಎಂದು ನಾನು ಕಿರುಚಿ, ನಾನೇ ಒಂದು ಮೂಲೆಗೆ ಕೈ ಹಾಕಿ, ಬಗ್ಗಿ, ಎತ್ತಿ, ದಂಡೆಗೆ ತಂದೆ. ಹೊದಿಕೆ ಬಿಚ್ಚಿ ಅಂಗೈಯಿಂದ ಒತ್ತಿ ಒತ್ತಿ ನೀರು ತೆಗೆಯುತ್ತಿದ್ದಾಗ ಟಂಟಂ ಬಂತು, ಅತ್ತೆ ಇಳಿದರು. ಯಾಕೆ ತೊಳೆದಿರಿ ಎಂದು ನಾನು ಎಲ್ಲರೆದುರು ಜೋರು ಮಾಡಿದೆ. ಅವರು ಒಂದಿಷ್ಟೂ ಅಳುಕಲಿಲ್ಲ. 'ಬಿಸಲಿಗೆ ಹಾಕಬ್ಯಾಡ್ರಿ ಅಂದಿ, ಹಾಕಿಲ್ಲ. ಒಣಗಸಾಕ ಬೇವಿನ ಗಿಡದ ನೆಳ್ಳು ನೋಡಿ ಇಟ್ಟಿದ್ದೆ. ನೀರಿಗೆ ಹಾಕಬ್ಯಾಡ್ರಿ ಅಂತ ಯಾವಾಗ ಅಂದಿದ್ದಿ? ಅವರು ನಾಲ್ಕೈದು ಸಲ ತೊಳಿತಾರ, ಹರಿಯೂ ನೀರಾಗ ತೊಳಿತಾರ ಅಂದಾಕಿ ನೀನ.'

ಇಷ್ಟು ಚೆನ್ನಾಗಿ ಪಾಠ ಕೇಳಿ ಇಷ್ಟು ಪ್ರಾಮಾಣಿಕವಾಗಿ ಆಚರಣೆಗೆ ತಂದ ವಿದ್ಯಾರ್ಥಿ ನನಗೆ ಹನ್ನೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಟ್ಟಿಲಿಂದ ಇಲ್ಲಿಯವರೆಗೆ ಹೇಗೆ ಬಂದೆ ಎಂದು ಕೇಳಿದರು. ಓಡಿ ಬಂದೆ ಎಂದೆ. ಹೇಳಿದ ಮೇಲೆ ನನಗೂ ಕೇಳಿಸಿತು. ತಿರುಗಿ ನೋಡಿದೆ, ಮೆಟ್ಟಿಲುಗಳು ಕಾಣುತ್ತಲೇ ಇರಲಿಲ್ಲ. ಕೈ ತಾನಾಗಿ ಬೆನ್ನಿಗೆ ಹೋಯಿತು. ಬೆನ್ನು ಸುಮ್ಮನಿತ್ತು.

'ಬ್ಯಾನಿ ಹಾಸಿಗ್ಯಾಗ ಕುಂತಿರತೈತಿ,' ಎಂದರು ಅತ್ತೆ. 'ಅದಕ್ಕ ತೊಳದೆ. ನೋಡು, ಹರದು ಹೋತು.'

ಓಣಿಗೆ ಓಣಿಯೇ ಇದನ್ನು ನಂಬಿತು. ಎರಡು ತಿಂಗಳು ಸರಿಯಾದ ಆಧಾರದ ಮೇಲೆ ಮಲಗಿದ್ದರಿಂದ ನೋವು ಇಳಿದಿತ್ತು, ನಾನು ಹೆದರಿ ಬಗ್ಗಿರಲಿಲ್ಲ ಅಷ್ಟೇ ಎಂದು ಮನೆಮನೆಗೆ ವಿವರಿಸಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಎಡಮನೆಯಾಕೆ ಗಂಡನ ದಿಂಬನ್ನು ಅದೇ ಮೆಟ್ಟಿಲಿಗೆ ಒಯ್ದು ಅವನ ಗೊರಕೆ ತೊಳೆದು ಬಂದಳು.

ಗಾದಿ ಒಣಗಲು ಹನ್ನೊಂದು ದಿನ ಹಿಡಿಯಿತು. ಬಿಸಿಲಿಗೆ ಹಾಕುವಂತಿಲ್ಲ, ಬೆಂಕಿಯ ಹತ್ತಿರ ಇಡುವಂತಿಲ್ಲ. ಪಡಸಾಲೆಯಲ್ಲಿ ಎರಡು ನವಾರಿನ ಹೊರಸು ಜೋಡಿಸಿ ಅದರ ಮೇಲೆ ಮಲಗಿಸಿ, ಮೇಲೊಂದು ಫ್ಯಾನು, ಕೆಳಗೊಂದು ಫ್ಯಾನು ಹಚ್ಚಿದೆವು. ಗಂಡನಿಗೆ ಮುಂಜಾನೆ ಸಂಜೆ ಅದನ್ನು ಮಗುಚಿ ಹಾಕುವ ಕೆಲಸ. ನನ್ನ ಬೆನ್ನು ಬಿದ್ದಾಗಲೂ ಅವನು ನನ್ನನ್ನು ಅಷ್ಟು ಜೋಪಾನವಾಗಿ ಹೊರಳಿಸಿರಲಿಲ್ಲ. ಮುಗ್ಗಲು ವಾಸನೆ ಬರುವುದೇನೋ ಎಂದು ನಾನು ದಿನಾ ಮೂಸುತ್ತಿದ್ದೆ. ತೂತುಗಳಲ್ಲಿ ಗಾಳಿ ಆಡಿ ಆಡಿ ಅದು ನಿಧಾನವಾಗಿ ಹಗುರಾಯಿತು.

ಆ ಹನ್ನೊಂದು ದಿನ ನಾನು ನೆಲದ ಮೇಲೆ ಅತ್ತೆಯ ಪಕ್ಕ ಮಲಗಿದೆ. ತಮ್ಮ ನಾಲ್ಕು ಕೌದಿಗಳಲ್ಲಿ ಮೂರನ್ನು ನನಗೆ ಒಂದರ ಮೇಲೊಂದು ಹಾಸಿ, ಒಂದನ್ನು ತಾವು ಹಾಸಿಕೊಂಡರು. ಎರಡನೇ ದಿನ ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಗಿತ್ತು, ಆದರೆ ಕಣ್ಣು ಅರ್ಧ ಮುಚ್ಚಿಕೊಂಡಿದ್ದೆ. ಅತ್ತೆ ಏಳುವುದನ್ನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೋಡಿದೆ. ಮೊದಲು ಮಗ್ಗಲಾದರು. ಹಾಗೇ ಸ್ವಲ್ಪ ಹೊತ್ತು ಇದ್ದರು. ಮೊಣಕೈ ಊರಿದರು, ಆಗಲಿಲ್ಲ, ಮತ್ತೆ ಊರಿದರು. ಗೋಡೆ ಹಿಡಿದು ಮೊಣಕಾಲಿನ ಮೇಲೆ ಬಂದರು. ನಿಂತಾಗ 'ಹ್ಞಂ' ಎಂದು ಉದ್ದನೆಯ ಉಸಿರು ಬಿಟ್ಟರು. ಆ ಉಸಿರಿನ ಹತ್ತಿರ ಯಾವ ಸೊಸೆಯೂ ಇರಲಿಲ್ಲ, ಯಾವ ಚಪ್ಪಲಿಯೂ ಇರಲಿಲ್ಲ.

ನಾನು ಜೂನ್ ತಿಂಗಳಲ್ಲಿ ಏಳುತ್ತಿದ್ದುದು ಹಾಗೆಯೇ, ಒಂದು ಹಂತವೂ ಬಿಡದೆ. ನನಗೆ ಎಬ್ಬಿಸುವವರಿದ್ದರು. ಮೂರು ತಿಂಗಳು ನನ್ನ ಪಾದದ ಹತ್ತಿರ ಆ ಬೆನ್ನು ಬಗ್ಗಿತ್ತು, ನಾನು ಬಸ್ಸಿನಲ್ಲಿ ಕುಳಿತು ಅದಕ್ಕೆ ಗಾದೆ ಹೇಳುತ್ತಿದ್ದೆ.

ಕೇಳುವ ಧೈರ್ಯ ಬರಲು ಗಾದಿ ಒಣಗುವ ತನಕ ಬೇಕಾಯಿತು. ಹನ್ನೊಂದನೇ ದಿನ ಸಂಜೆ ಅವರು ಅಕ್ಕಿ ಆರಿಸುತ್ತಿದ್ದರು. ನಿಮ್ಮ ಬೆನ್ನಿಗೆ ಏನಾಗಿದೆ ಎಂದು ಕೇಳಿದೆ. ತಮಗೆಂಥ ಬೇನೆ ಎಂದರು. ನಾನು ನೆಲದ ಮೇಲೆ ಮಲಗಿ, ಮಗ್ಗಲಾಗಿ, ಮೊಣಕೈ ಎರಡು ಸಲ ಊರಿ, ಗೋಡೆ ಹಿಡಿದು ಎದ್ದು, 'ಹ್ಞಂ' ಎಂದು ತೋರಿಸಿದೆ. ಅತ್ತೆ ಮೊರ ಕೆಳಗಿಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

'ಯಾವಾಗಿಂದ ಐತ್ರಿ?' ಎಂದೆ.

'ನಿನ್ನ ಗಂಡ ಹುಟ್ಟಿದಾಗಿಂದ.'

ಪಡಸಾಲೆಯಲ್ಲಿ ಗಾದಿ ಮಗುಚುತ್ತಿದ್ದ ನನ್ನ ಗಂಡನ ಕೈ ನಿಂತಿತು. ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಅತ್ತೆ ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು. 'ಯಾರೂ ಕೇಳಲಿಲ್ಲ,' ಎಂದರು. ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ಅದೇ ದನಿಯಲ್ಲಿ ಅಕ್ಕಿಯಲ್ಲಿ ಕಲ್ಲು ಬಹಳ ಇದೆ ಎಂದರು.

ಲೇಟೆಕ್ಸಿನ ಒಂದು ಗುಣವೇನೆಂದರೆ ಒಳಗೆ ಸ್ಪ್ರಿಂಗು ತಂತಿ ಏನೂ ಇರುವುದಿಲ್ಲ, ಎಲ್ಲಿ ಬೇಕಾದರೂ ಕೊಯ್ಯಬಹುದು. ಗಂಡ ಎದ್ದು ಹೋಗಿ ಕಲ್ಲಂಗಡಿ ಮಾರುವವನಿಂದ ಮೊಳದುದ್ದದ ಚೂರಿ ತಂದ. ನಾನು ಅಳತೆ ಪಟ್ಟಿ ಹಿಡಿದು ನಟ್ಟನಡುವೆ ಗೆರೆ ಹಾಕಿದೆ. ಅವನು ಕೊಯ್ದ. ಬೆಳ್ಳನೆಯ ಒಳಭಾಗ ತೂತು ತೂತಾಗಿ ಕಂಡಿತು. ಅತ್ತೆ ಬಗ್ಗಿ ನೋಡಿ, ಖರೇವಂದ್ರ ಗಿಣ್ಣದಂಗ ಐತಿ ಎಂದು ಮೊದಲ ಸಲ ನನ್ನ ಪಾಠಕ್ಕೆ ಒ‌ಪ್ಪಿಗೆ ಕೊಟ್ಟರು. ಆದರೆ ಅರ್ಧ ತಮಗೆ ಎಂದು ಗೊತ್ತಾದ ಕೂಡಲೇ ಬೇಡವೇ ಬೇಡ ಎಂದು ಹಟ ಹಿಡಿದರು. ನಾನು ಆಧಾರದ ಮಾತು, ಮಣಿಗಳ ಮಾತು ಯಾವುದನ್ನೂ ಎತ್ತಲಿಲ್ಲ. 'ನನ್ನ ಬ್ಯಾನಿ ಹರದು ಹೋತಂತ ನೀವ ಅಂದ್ರಿ. ಈಗ ಮನ್ಯಾಗ ಉಳದಿದ್ದು ನಿಮ್ದೊಂದ ನೋಡ್ರಿ,' ಎಂದೆ. ತಮ್ಮದೇ ಸಿದ್ಧಾಂತ, ತಳ್ಳಿಹಾಕುವಂತಿರಲಿಲ್ಲ. ಮರುದಿನ ಹಳೆಯ ಸೀರೆಗಳನ್ನು ತೆಗೆದು ಎರಡೂ ಅರ್ಧಗಳಿಗೆ ಕೌದಿಯ ಗವಸು ಹೊಲಿಯಲು ಕುಳಿತರು. ಇದನ್ನಾದರೂ ಕಾಲುವೆಗೆ ಒಯ್ಯಬಹುದಲ್ಲ ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡರು. ಗಂಡ ಅಟ್ಟದಿಂದ ಇಪ್ಪತ್ತೆರಡು ವರ್ಷದ ಹತ್ತಿ ಗಾದಿ ಇಳಿಸಿಕೊಂಡ. ತಗ್ಗು ಅಲ್ಲೇ ಇತ್ತು; ಅವನಿಗೆ ಸರಿಯಾಗಿ ಕೂತಿತು.

ರಜೆ ಮುಗಿದು ಶಾಲೆ ತೆರೆದ ದಿನ ನಾನು ಐದಕ್ಕೇ ಎದ್ದೆ. ಅಡುಗೆಮನೆಯಲ್ಲಿ ದೀಪ ಇರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳವೂ ಇರಲಿಲ್ಲ. ಗಾಬರಿಯಿಂದ ಕೋಣೆಗೆ ಹೋಗಿ ಇಣುಕಿದೆ. ಅತ್ತೆ ತಮ್ಮ ಅರ್ಧ ಗಾದಿಯ ಮೇಲೆ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದರು. ನಾನು ಎದ್ದ ಮೇಲೂ ಅವರು ಮಲಗಿದ್ದುದನ್ನು ನಾನು ಆ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ಎರಡು ರೊಟ್ಟಿ ನಾನೇ ಬಡಿದುಕೊಂಡೆ, ಎರಡೂ ಕುಷ್ಟಗಿ ರಸ್ತೆಯಂತೆ ಬಂದವು. ಬೆಲ್ಟನ್ನು ಗೂಟದ ಮೇಲೆಯೇ ಬಿಟ್ಟೆ. ಹತ್ತನೇ ತರಗತಿಯ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದು, ಸಪ್ಪಳವಾಗದಂತೆ ಬಗ್ಗಿ, ಚಪ್ಪಲಿಯ ಪಟ್ಟಿಯನ್ನು ನಾನೇ ಹಾಕಿಕೊಂಡೆ.